ಹಸಿರು ಮೇಜಿನ ನೌಕರಿ

ಧಾರವಾಡದ ಕರ್ನಾಟಕ ಕಾಲೇಜಿನ ಹಳೆಯ ಕಲ್ಲು ಕಟ್ಟಡವನ್ನು ಪಾಠ ಹೇಳಲೆಂದು ಕಟ್ಟಿದ್ದಲ್ಲ. 1917ರಲ್ಲಿ ಶುರುವಾದ ಕಾಲೇಜಿನ ಪಾಲಿಗೆ ಬರುವ ಮೊದಲು ಅದು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿಯಾಗಿತ್ತು. ಕಂಪನಿ ಹುಟ್ಟಿದ್ದು 1882ರಲ್ಲಿ. ಅದೇ ವರ್ಷ ಉದಕಮಂಡಲದ ಊಟಿ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯ ಗೋಡೆಯ ಮೇಲೆ ಸ್ನೂಕರ್ ಎಂಬ ಹೊಸ ಆಟದ ನಿಯಮಗಳು ಏರಿದವು. ಮೇಲ್ನೋಟಕ್ಕೆ ಒಂದಕ್ಕೊಂದು ನಂಟಿಲ್ಲದ ಎರಡು ಸಂಗತಿ. ಆದರೆ ಹುಬ್ಬಳ್ಳಿ–ಧಾರವಾಡದ ಕಡೆಯಿಂದ ನೋಡುವವರು ಇವೆರಡನ್ನೂ ಜೋಡಿಸಿಯೇ ಓದಬೇಕು. ಏಕೆಂದರೆ ನಮ್ಮ ನಾಡಿನಲ್ಲಿ ಈ ಆಟ ಬಹುಮಾನದ ದುಡ್ಡಿನ ಮೇಲೆ ಬದುಕಿದ್ದು ಬಹಳ ಕಡಿಮೆ. ಅದು ಉಳಿದದ್ದೂ ಬೆಳೆದದ್ದೂ ಯಾರದಾದರೊಂದು ಸಂಬಳಪಟ್ಟಿಯ ಆಸರೆಯಲ್ಲಿ. ಮೊದಲು ಸೈನ್ಯದ್ದು, ಆಮೇಲೆ ಕ್ಲಬ್ಬಿನದು, ರೈಲ್ವೆಯದು, ಈಗ ತೈಲ ಕಂಪನಿಗಳದು.

ಮೊದಲ ಸಂಬಳ ವಿಕ್ಟೋರಿಯಾ ರಾಣಿಯ ಸೈನ್ಯದ್ದು. 1875ರಲ್ಲಿ ಜಬಲ್ಪುರದಲ್ಲಿ ಬೀಡುಬಿಟ್ಟಿದ್ದ ಡೆವನ್‌ಶೈರ್ ರೆಜಿಮೆಂಟಿನ ಅಧಿಕಾರಿಗಳಿಗೆ ಮಳೆಗಾಲದಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಹದಿನೈದು ಕೆಂಪು ಚೆಂಡುಗಳ ಪಿರಮಿಡ್ ಎಂಬ ಆಟವಿತ್ತು. ಬಣ್ಣದ ಚೆಂಡುಗಳಿಂದ ಬಾಜಿ ಕಟ್ಟಿ ಆಡುವ ಪೂಲ್ ಎಂಬುದೂ ಇತ್ತು. ಇನ್ನೂ ಇಪ್ಪತ್ತು ದಾಟದ ನೆವಿಲ್ ಚೇಂಬರ್ಲೇನ್ ಎಂಬ ಅಧಿಕಾರಿ ಇವೆರಡನ್ನೂ ಬೆರೆಸಿ ಒಂದೇ ಮೇಜಿನ ಮೇಲೆ ಹರಡಿದ. (ಹಿಟ್ಲರನ ಜೊತೆ ಒಪ್ಪಂದಕ್ಕೆ ಹೋಗಿ ಬಂದ ಪ್ರಧಾನಿ ಚೇಂಬರ್ಲೇನ್ ಬೇರೆ, ಇವನು ಬೇರೆ.) ಮುಂದೆ ಆಫ್ಘನ್ ಯುದ್ಧದಲ್ಲಿ ಗಾಯಗೊಂಡು, ಮದ್ರಾಸ್ ಸೈನ್ಯದ ದಂಡನಾಯಕ ರಾಬರ್ಟ್ಸ್ ಕೈಕೆಳಗೆ ಸೇರಿದ. ಬೇಸಿಗೆಗೆ ದಂಡನಾಯಕ ಊಟಿಗೆ ಹೋದರೆ ಇವನೂ ಊಟಿಗೆ. ಹಾಗೆ ಜಬಲ್ಪುರದ ಮೆಸ್ಸಿನ ಕಾಲಹರಣಕ್ಕೆ ನೀಲಗಿರಿಯ ಕ್ಲಬ್ಬಿನಲ್ಲಿ ಬರೆದಿಟ್ಟ ನಿಯಮ ಬಂತು. ಇಂಗ್ಲೆಂಡಿನ ಬಿಲಿಯರ್ಡ್ಸ್ ಚಾಂಪಿಯನ್ ಜಾನ್ ರಾಬರ್ಟ್ಸ್ 1885ರಲ್ಲಿ ಕಲ್ಕತ್ತೆಗೆ ಬಂದಾಗ ಕೂಚ್ ಬೆಹಾರ್ ಮಹಾರಾಜರ ಊಟದ ಮನೆಯಲ್ಲಿ ಚೇಂಬರ್ಲೇನನನ್ನು ಕಂಡು ಆಟದ ಬಗೆ ಕೇಳಿಕೊಂಡು ಊರಿಗೆ ಒಯ್ದ. ಇಂಗ್ಲೆಂಡಿನವರು ತಮ್ಮದೇ ಆಟವೆಂದು ಬೀಗುವುದನ್ನು ಕೇಳಿ ಕೇಳಿ ಸಾಕಾಗಿ ಮುದುಕ ಚೇಂಬರ್ಲೇನ್ 1938ರಲ್ಲಿ ಪತ್ರಿಕೆಗೊಂದು ಕಾಗದ ಬರೆದು ಹಕ್ಕು ಸ್ಥಾಪಿಸಿದ.

ಇಂಗ್ಲೆಂಡಿಗೆ ಹೋದ ಆಟದ ಕಥೆ ಆಮೇಲೆ. ಇಲ್ಲೇ ಉಳಿದದ್ದರ ಕಥೆ ಮೊದಲು.

ಬಿಲಿಯರ್ಡ್ಸ್ ಮೇಜು ಎಂದರೆ ಅಡ್ಡಾಡಿಸುವ ಸಾಮಾನಲ್ಲ. ಹನ್ನೆರಡು ಅಡಿ ಉದ್ದ, ಆರಡಿ ಅಗಲ. ಹಸಿರು ಬಟ್ಟೆಯ ಕೆಳಗೆ ಐದು ಸ್ಲೇಟು ಕಲ್ಲಿನ ಹಲಗೆ, ಅದರ ಕೆಳಗೆ ಎಂಟು ಕಾಲಿನ ಮರದ ಚೌಕಟ್ಟು. ಎಲ್ಲ ಸೇರಿದರೆ ಒಂದು ಟನ್ನಿಗೂ ಮೇಲೆ ತೂಕ. ಒಂದು ಸಲ ಮಟ್ಟ ನೋಡಿ ಕೂರಿಸಿದರೆ ಅಲ್ಲೇ ತಲೆಮಾರು ಕಳೆಯುತ್ತದೆ. ಹಾಗಾಗಿ ಮೇಜು ಹೋದದ್ದು ಎರಡೇ ಕಡೆ: ಸೈನ್ಯ ನೆಲೆಯೂರಿದ ದಂಡು ಪ್ರದೇಶಕ್ಕೆ, ರೈಲು ನೆಲೆಯೂರಿದ ಊರಿಗೆ. ರೈಲ್ವೆ ಕಂಪನಿಗಳು ಊರೂರಲ್ಲಿ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ನೌಕರರ ಮನರಂಜನೆಗೆ ಕಟ್ಟಡ ಕಟ್ಟಿಸುತ್ತಿದ್ದವು. ಅಲ್ಲಿ ಪತ್ರಿಕೆ ಓದುವ ಕೋಣೆ, ಕುಣಿತಕ್ಕೆ ಮರದ ನೆಲದ ಸಭಾಂಗಣ, ಒಂದು ಪಕ್ಕದಲ್ಲಿ ಬಿಲಿಯರ್ಡ್ಸ್ ಕೋಣೆ ಇರುವುದು ವಾಡಿಕೆ. ಗಾರ್ಡು, ಡ್ರೈವರು, ಫೋರ್‌ಮನ್‌ಗಳಾಗಿದ್ದ ಯುರೋಪಿಯನ್ನರಿಗೂ ಆಂಗ್ಲೋ ಇಂಡಿಯನ್ನರಿಗೂ ಸಂಜೆ ಕಳೆಯಲು ಅದೇ ಜಾಗ. ದೊಡ್ಡ ವರ್ಕ್‌ಶಾಪು, ಜಂಕ್ಷನ್ನು, ಗದಗ ರಸ್ತೆಗುಂಟ ರೈಲ್ವೆ ಕಾಲೊನಿ ಇದ್ದ ಹುಬ್ಬಳ್ಳಿ ಅಚ್ಚುಕಟ್ಟಾದ ರೈಲ್ವೆ ಊರು. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿ ಎಂ.ಎಸ್.ಎಂ. ಆಯಿತು, ಧಾರವಾಡದ ಮುಖ್ಯ ಕಚೇರಿ ಮದ್ರಾಸಿಗೆ ಹೋಯಿತು. ಆದರೆ ಹುಬ್ಬಳ್ಳಿಯ ರೈಲ್ವೆ ಸಂಸಾರ ಎಲ್ಲಿಗೂ ಹೋಗಲಿಲ್ಲ.

ಈ ಮೇಜಿಗೆ ನಮ್ಮ ಕಡೆಯ ಹವೆ ಅಷ್ಟಾಗಿ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಉಣ್ಣೆಯ ಬಟ್ಟೆ ತೇವ ಹೀರುತ್ತದೆ. ಜೂನ್ ಕಳೆದು ಧಾರವಾಡದ ಜಿಟಿಜಿಟಿ ಮಳೆ ಹಿಡಿದುಕೊಂಡಿತೆಂದರೆ ಚೆಂಡು ಭಾರವಾದಂತೆ ಉರುಳಿ ಪಾಕೆಟ್ಟಿನ ಬಾಯಿಗೆ ಬಂದು ನಿಲ್ಲುತ್ತದೆ. ಕುಶನ್ನಿಗೆ ಬಡಿದದ್ದು ಬೇಸಿಗೆಯಲ್ಲಿ ತಿರುಗಿದ ಕೋನದಲ್ಲಿ ತಿರುಗುವುದಿಲ್ಲ. ಬಟ್ಟೆಗೆ ನೂಲಿನ ಒಂದು ದಿಕ್ಕಿದೆ, ಆಟ ಶುರುವಾಗುವ ಬದಿಯಿಂದ ಕಪ್ಪು ಚೆಂಡಿನ ಬದಿಗೆ. ಬ್ರಷ್ಷು ಆಡಿಸುವುದಾದರೂ ಆ ದಿಕ್ಕಿಗೇ, ಇಸ್ತ್ರಿ ಹಾಕುವುದಾದರೂ ಆ ದಿಕ್ಕಿಗೇ. ಈ ಕೆಲಸ ಮಾಡುತ್ತಿದ್ದವನು ಮಾರ್ಕರ್.

ಈ ಮಾರ್ಕರನ ಹೆಸರು ಇತಿಹಾಸದಲ್ಲಿ ಬರಬೇಕಾದಷ್ಟು ಬಂದಿಲ್ಲ. ಮುಂಜಾನೆ ಮೇಜಿನ ಹೊದಿಕೆ ತೆಗೆದು ಬ್ರಷ್ಷು ಹಾಕಬೇಕು, ಇಸ್ತ್ರಿ ತಿಕ್ಕಬೇಕು, ಕ್ಯೂ ತುದಿಯ ಚರ್ಮ ಸವೆದಿದ್ದರೆ ಹೊಸದನ್ನು ಅಂಟಿಸಿ ಕಾನಸಿನಿಂದ ಗುಂಡಗೆ ಮಾಡಬೇಕು. ಸಂಜೆ ಸದಸ್ಯರು ಆಡುವಾಗ ಪಕ್ಕದಲ್ಲಿ ನಿಂತು ಪಾಯಿಂಟು ಕೂಗಿ ಗೋಡೆಯ ಹಲಗೆಯ ಮೇಲೆ ಸರಿಸಬೇಕು. ಜೊತೆಗಾರ ಬಾರದ ಸದಸ್ಯನಿಗೆ ಜೊತೆಗಾರನಾಗಬೇಕು. ದಿನವಿಡೀ ಮೇಜಿನ ಬಳಿ ಇರುವವನು ಸಂಜೆ ಒಂದು ತಾಸು ಬರುವವನಿಗಿಂತ ಚೆನ್ನಾಗಿ ಆಡುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಸಾಹೇಬರನ್ನು ಎಷ್ಟು ಅಂತರದಲ್ಲಿ ಗೆಲ್ಲಿಸಬೇಕೆಂಬುದೂ ಆ ನೌಕರಿಯ ಗುಟ್ಟುಗಳಲ್ಲಿ ಒಂದಾಗಿದ್ದಿರಬೇಕು. ಕ್ಲಬ್ಬಿನ ಗೋಡೆಯ ಮೇಲೆ ಬಂಗಾರದ ಅಕ್ಷರದಲ್ಲಿ ಗೆದ್ದವರ ಹೆಸರು ಬರೆಯುವಾಗ ಸದಸ್ಯರದು ಬರುತ್ತಿತ್ತು, ಮಾರ್ಕರನದು ಬರುತ್ತಿರಲಿಲ್ಲ. ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡವನನ್ನು ಪ್ರೊಫೆಷನಲ್ ಎನ್ನುವುದಾದರೆ ಭಾರತದ ಮೊದಲ ಪ್ರೊಫೆಷನಲ್ ಆಟಗಾರರು ಈ ಮಾರ್ಕರುಗಳೇ. ಹಾಗೆಂದು ಆಗ ಯಾರಿಗೂ ಅನಿಸಿರಲಿಲ್ಲ, ಅವರಿಗೂ.

ಇಂಗ್ಲೆಂಡಿನಲ್ಲಿ ಆಟದ ಹಾದಿ ಬೇರೆಯಾಯಿತು. ಅಲ್ಲಿ ಮೇಜು ಶ್ರೀಮಂತರ ಮನೆಯಿಂದ ಇಳಿದು ಹೆಂಡದಂಗಡಿಗೆ, ಕಾರ್ಮಿಕರ ಕ್ಲಬ್ಬಿಗೆ ಬಂತು. ಡರ್ಬಿಶೈರಿನ ಗಣಿ ಸೀಮೆಯ ಜೋ ಡೇವಿಸ್ 1927ರಲ್ಲಿ ವಿಶ್ವ ಸ್ನೂಕರ್ ಚಾಂಪಿಯನ್‌ಶಿಪ್ ಏರ್ಪಡಿಸಿ ತಾನೇ ಗೆದ್ದ. ಸಿಕ್ಕ ಹಣ ಆರೂವರೆ ಪೌಂಡು. 1946ರವರೆಗೆ ನಡೆದ ಹದಿನೈದೂ ಚಾಂಪಿಯನ್‌ಶಿಪ್‌ಗಳನ್ನು ಅವನೇ ಗೆದ್ದ. ಅದೇ ಕಾಲಕ್ಕೆ ಬಿಲಿಯರ್ಡ್ಸ್ ತನ್ನ ಕುಶಲತೆಯ ಭಾರಕ್ಕೇ ಕುಸಿಯುತ್ತಿತ್ತು. 1932ರಲ್ಲಿ ಆಸ್ಟ್ರೇಲಿಯದ ವಾಲ್ಟರ್ ಲಿಂಡ್ರಮ್ ಲಂಡನ್ನಿನಲ್ಲಿ ಇದೇ ಜೋ ಡೇವಿಸನ ಎದುರು ಒಂದೇ ಸರದಿಯಲ್ಲಿ 4,137 ಪಾಯಿಂಟು ಬಾರಿಸಿದ. ಎದುರಾಳಿ ಕುರ್ಚಿಯಲ್ಲಿ ಕೂತೇ ಇರುವ ಆಟವನ್ನು ದುಡ್ಡು ಕೊಟ್ಟು ನೋಡುವವರು ಎಷ್ಟು ದಿನ ಬಂದಾರು? ಜನ ಸ್ನೂಕರಿನತ್ತ ಸರಿದರು. 1969ರಲ್ಲಿ ಬಿ.ಬಿ.ಸಿ. ಬಣ್ಣದ ಟಿ.ವಿ.ಯ ಗಮ್ಮತ್ತು ತೋರಿಸಲು ಹುಡುಕಿದಾಗ ಏಳು ಬಣ್ಣದ ಚೆಂಡಿರುವ ಈ ಆಟಕ್ಕಿಂತ ಒಳ್ಳೆಯದು ಸಿಗಲಿಲ್ಲ.

ಆ ಟಿ.ವಿ. ಕಾಲದ ದೊಡ್ಡ ಬೆಳೆ ಸ್ಟೀವ್ ಡೇವಿಸ್. ಜೋ ಡೇವಿಸನಿಗೂ ಇವರಿಗೂ ರಕ್ತಸಂಬಂಧವಿಲ್ಲ. ಲಂಡನ್ನಿನ ಪ್ಲಮ್‌ಸ್ಟೆಡ್ಡಿನ ಕಾರ್ಮಿಕರ ಕ್ಲಬ್ಬಿನಲ್ಲಿ ಅಪ್ಪ ಬಿಲ್ ಕಲಿಸಿದ ಆಟ. 1978ರಲ್ಲಿ ಪ್ರೊಫೆಷನಲ್ ಆದರು, 1981ರಿಂದ 1989ರ ನಡುವೆ ಆರು ಸಲ ವಿಶ್ವ ಚಾಂಪಿಯನ್. 1982ರಲ್ಲಿ ಟಿ.ವಿ. ಕ್ಯಾಮೆರಾ ಎದುರು ಮೊದಲ ಅಧಿಕೃತ 147 ಹೊಡೆದವರೂ ಇವರೇ. ಹದಿನೈದು ಕೆಂಪು, ಪ್ರತಿ ಕೆಂಪಿನ ಬೆನ್ನಿಗೆ ಕಪ್ಪು, ಕೊನೆಗೆ ಆರು ಬಣ್ಣ: ಸ್ನೂಕರಿನಲ್ಲಿ ಒಂದೇ ಸರದಿಗೆ ಸಾಧಾರಣವಾಗಿ ಇದಕ್ಕಿಂತ ಹೆಚ್ಚಿಲ್ಲ. ಆದರೂ ಜನ ಅವರನ್ನು ನೆನೆಯುವುದು ಸೋತದ್ದಕ್ಕೆ. 1985ರ ಫೈನಲ್ 35ನೆಯ ಫ್ರೇಮಿಗೆ (ಪಂದ್ಯದೊಳಗಿನ ಒಂದೊಂದು ಆಟವೇ ಫ್ರೇಮು), ಆ ಫ್ರೇಮು ಕೊನೆಯ ಕಪ್ಪು ಚೆಂಡಿಗೆ ಬಂದು ನಿಂತಿತು. ನಡುರಾತ್ರಿ ದಾಟಿದ ಮೇಲೆ ಡೆನಿಸ್ ಟೇಲರ್ ಅದನ್ನು ಪಾಟ್ ಮಾಡಿದಾಗ ಬ್ರಿಟನ್ನಿನಲ್ಲಿ 1 ಕೋಟಿ 85 ಲಕ್ಷ ಜನ ಟಿ.ವಿ. ಮುಂದೆ ಎಚ್ಚರವಿದ್ದರು. 2016ರಲ್ಲಿ ಅಪ್ಪ ತೀರಿಕೊಂಡ ಬಳಿಕ ಡೇವಿಸ್ ಆಟ ನಿಲ್ಲಿಸಿದರು. 38 ವರ್ಷದ ಆ ವೃತ್ತಿಯುದ್ದಕ್ಕೂ ಅವರಿಗೆ ತಿಂಗಳ ಸಂಬಳ ಕೊಟ್ಟವರು ಯಾರೂ ಇಲ್ಲ. ಗೆದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಭಾರತ ಬಿಲಿಯರ್ಡ್ಸನ್ನು ಬಿಡಲಿಲ್ಲ. ಮೂರೇ ಚೆಂಡು, ಒಂದನ್ನು ಹೊಡೆದು ಇನ್ನೆರಡಕ್ಕೂ ತಾಗಿಸಿದರೆ ಕ್ಯಾನನ್, ಎರಡು ಪಾಯಿಂಟು. ಗದ್ದಲವಿಲ್ಲದ, ತಾಳ್ಮೆಯ, ಕ್ಲಬ್ಬಿನ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ ಆಟ. ಪುಣೆಯಲ್ಲಿ ಹುಟ್ಟಿದ ವಿಲ್ಸನ್ ಜೋನ್ಸ್ 1958ರಲ್ಲಿ ಕಲ್ಕತ್ತೆಯಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ವಿಶ್ವ ಚಾಂಪಿಯನ್ ಆದರು. ಯಾವ ಆಟದಲ್ಲೂ ಅದಕ್ಕೆ ಮುಂಚೆ ಯಾರೂ ಆಗಿರಲಿಲ್ಲ. ಶಾಲೆಯ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಈ ಹೆಸರು ಏಕೆ ಹಿಂದೆ ಬಿತ್ತೋ. 1977ರಲ್ಲಿ, 1981ರಲ್ಲಿ, 1983ರಲ್ಲಿ ಗೆದ್ದ ಮುಂಬೈನ ಮೈಕೆಲ್ ಫೆರೇರಾ ಅವರಿಗಂತೂ ಈ ಸಂಕಟ ಸಹಿಸಲಾಗಲಿಲ್ಲ. ಗಾವಸ್ಕರರಿಗೆ ಪದ್ಮಭೂಷಣ ಸಿಕ್ಕಿರುವಾಗ ತನಗೆ ಪದ್ಮಶ್ರೀ ಏಕೆಂದು ಅದನ್ನು ಬೇಡವೆಂದರು. ಮುಂದೆ ಅವರಿಗೂ ಪದ್ಮಭೂಷಣ ಬಂತು. 1984ರಲ್ಲಿ ಡಬ್ಲಿನ್ನಿನಲ್ಲಿ ಓಂ ಅಗರ್ವಾಲ್ ಅಮೆಚೂರ್ ಸ್ನೂಕರಿನ ಪಟ್ಟವನ್ನೂ ತಂದರು. ಈ ‘ಅಮೆಚೂರ್’ ಎಂಬ ಹಣೆಪಟ್ಟಿ ನಮ್ಮಲ್ಲಿ ಮರ್ಯಾದೆಯ ಗುರುತು. ದುಡ್ಡಿಗಾಗಿ ಆಡುವುದಿಲ್ಲ ಎಂದರ್ಥ. ಮನೆ ನಡೆಯಲು ಬೇರೆ ದಾರಿ ಇದೆ ಎಂದೂ ಅರ್ಥ.

ಕರ್ನಾಟಕದಲ್ಲಿ ಮೇಜಿನ ರಾಜಧಾನಿ ಬೆಂಗಳೂರು. ದಂಡು ಪ್ರದೇಶದ ಅಧಿಕಾರಿಗಳು 1868ರಲ್ಲಿ ಕಟ್ಟಿಕೊಂಡದ್ದು ಬೆಂಗಳೂರು ಕ್ಲಬ್. ಸೈನಿಕ ವಿನ್‌ಸ್ಟನ್ ಚರ್ಚಿಲ್ 13 ರೂಪಾಯಿ ಬಾಕಿ ಉಳಿಸಿ ಹೋದದ್ದು ಅದರ ಲೆಕ್ಕದ ಪುಸ್ತಕದಲ್ಲಿ ಇನ್ನೂ ಇದೆ. ಭಾರತೀಯರಿಗೆಂದು ವಿಶ್ವೇಶ್ವರಯ್ಯನವರು 1917ರಲ್ಲಿ ಸೆಂಚುರಿ ಕ್ಲಬ್ ಕಟ್ಟಿಸಿದರು. ಆದರೆ ಸದಸ್ಯನಲ್ಲದವನ ಮಗನಿಗೆ ಇಂಥ ಬಾಗಿಲುಗಳು ತೆರೆಯುವುದು ಕಷ್ಟ. ಅದನ್ನು ಸಡಿಲಿಸಿದ್ದು ವಸಂತನಗರದ ಮಿಲ್ಲರ್ಸ್ ಟ್ಯಾಂಕ್ ಬಂಡ್ ರಸ್ತೆಯಲ್ಲಿರುವ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ. ಕುದುರೆ, ಗಾಲ್ಫು, ಮದ್ಯದ ಜೊತೆಗೊಂದು ಮೇಜು ಎಂಬ ಪದ್ಧತಿ ಬಿಟ್ಟು ಮೇಜಿಗಾಗಿಯೇ ಒಂದು ಕಟ್ಟಡ. ರಜೆಯಲ್ಲಿ ಶಾಲಾ ಮಕ್ಕಳು ಕ್ಯೂ ಹಿಡಿಯಲು ಅಲ್ಲಿ ಅವಕಾಶವಾಯಿತು, ಕಲಿಸುವವರೂ ಸಿಕ್ಕರು. ಅವರಲ್ಲಿ ಅರವಿಂದ ಸವೂರ್ ದೊಡ್ಡವರು. ಎತ್ತರದ ಆಳು, ತಮ್ಮ ಕಾಲಕ್ಕೆ ರಾಷ್ಟ್ರದ ಮುಂಚೂಣಿಯ ಆಟಗಾರ, ಅರ್ಜುನ ಪ್ರಶಸ್ತಿ ಪಡೆದವರು. ಕಲಿಸಿದ್ದಕ್ಕೆ ದ್ರೋಣಾಚಾರ್ಯವೂ ಬಂತು.

1987ರಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಬೆಂಗಳೂರಿಗೆ ಬಂತು. ಗೆದ್ದವರು ವೇಲ್ಸಿನ ಡ್ಯಾರೆನ್ ಮಾರ್ಗನ್. ಮರುವರ್ಷವೇ ಪ್ರೊಫೆಷನಲ್ ಆಗಿ 1994ರಲ್ಲಿ ವಿಶ್ವ ಚಾಂಪಿಯನ್‌ಶಿಪ್ಪಿನ ಸೆಮಿಫೈನಲ್ಲಿಗೆ ಹೋದರು. 2011ರಲ್ಲಿ ಮತ್ತೆ ಬೆಂಗಳೂರು. ಇರಾನಿನ 17ರ ಹುಡುಗ ಹುಸೇನ್ ವಫಾಯಿ ಗೆದ್ದ. 2014ರಲ್ಲಿ ಮತ್ತೊಮ್ಮೆ; ಚೀನಾದ ಯಾನ್ ಬಿಂಗ್‌ಟಾವೊ 14ರ ವಯಸ್ಸಿನಲ್ಲಿ ಗೆದ್ದ. ಇಬ್ಬರೂ ಬ್ರಿಟನ್ನಿನ ಹಣದ ಆಟಕ್ಕೆ ಹಾರಿದರು. ಹೀಗೆ ಬೆಂಗಳೂರು ಬೇರೆಯವರಿಗೆಲ್ಲ ಏಣಿಯಾಯಿತು. ಆ ಏಣಿ ಹತ್ತಿದ ನಮ್ಮ ಹುಡುಗ ಮೇಲೆ ಸುತ್ತು ಹಾಕಿ ನೋಡಿ, ತಾನಾಗಿಯೇ ಇಳಿದು ಬಂದ. ಏಕೆ ಎಂಬುದೇ ಈ ಕಥೆಯ ಕುತೂಹಲದ ಭಾಗ.

ಪಂಕಜ್ ಅಡ್ವಾಣಿ ಹುಟ್ಟಿದ್ದು 1985ರಲ್ಲಿ ಪುಣೆಯಲ್ಲಿ. ಸಿಂಧಿ ಕುಟುಂಬ, ಕುವೈತಿನಿಂದ ಬೆಂಗಳೂರಿಗೆ ಬಂದದ್ದು. ಚಿಕ್ಕಂದಿನಲ್ಲೇ ತಂದೆ ಹೋದರು. ಅಣ್ಣ ಶ್ರೀ ಆಡುವುದನ್ನು ನೋಡಲು ಹೋಗಿ ಹತ್ತರ ವಯಸ್ಸಿಗೆ ತಾನೂ ಕ್ಯೂ ಹಿಡಿದು, ಮುಂದಿನ ವರ್ಷಗಳಲ್ಲಿ ಅಣ್ಣನನ್ನೇ ಸೋಲಿಸಿ ಕಪ್ಪು ಗೆದ್ದರು. ಆ ಅಣ್ಣ ಆಮೇಲೆ ಕ್ರೀಡಾ ಮನೋವಿಜ್ಞಾನ ಓದಿ ತಮ್ಮನ ಮನಸ್ಸು ನೋಡಿಕೊಳ್ಳುವವರಾದರು. ಕೈ ನೋಡಿಕೊಂಡವರು ಸವೂರ್. 2003ರಲ್ಲಿ ಚೀನಾದ ಜಿಯಾಂಗ್‌ಮೆನ್ನಿನಲ್ಲಿ ಪಾಕಿಸ್ತಾನದ ಸಾಲೇಹ್ ಮಹಮ್ಮದರನ್ನು ಫೈನಲ್ಲಿನಲ್ಲಿ ಸೋಲಿಸಿ 18ಕ್ಕೇ ವಿಶ್ವ ಅಮೆಚೂರ್ ಸ್ನೂಕರ್ ಚಾಂಪಿಯನ್. ಎರಡು ವರ್ಷ ಬಿಟ್ಟು ಮಾಲ್ಟಾದಲ್ಲಿ ಬಿಲಿಯರ್ಡ್ಸಿನ ಎರಡೂ ಬಗೆಯ ಪಟ್ಟ, ಗಡಿಯಾರ ನೋಡಿ ಆಡುವುದರದ್ದೂ ಪಾಯಿಂಟು ಲೆಕ್ಕ ಹಾಕಿ ಆಡುವುದರದ್ದೂ. 2008ರಲ್ಲಿ ಅದೇ ಜೋಡಿಯನ್ನು ಬೆಂಗಳೂರಿನಲ್ಲೇ ಮತ್ತೆ ಗೆದ್ದರು. 2009ರಲ್ಲಿ ಲೀಡ್ಸ್‌ನಲ್ಲಿ ಇಂಗ್ಲೆಂಡಿನ ಮೈಕ್ ರಸೆಲ್ ಎಂಬ ದೈತ್ಯನನ್ನು 2,030ಕ್ಕೆ 1,253ರಿಂದ ಮಣಿಸಿ ಪ್ರೊಫೆಷನಲ್ ಬಿಲಿಯರ್ಡ್ಸಿನ ಪಟ್ಟವನ್ನೂ ತಂದರು. ಖೇಲ್ ರತ್ನ, ಪದ್ಮಶ್ರೀ ಅಷ್ಟರಲ್ಲಿ ಮನೆಗೆ ಬಂದಿದ್ದವು.

ಉಳಿದಿದ್ದದ್ದು ಒಂದೇ, ದುಡ್ಡಿನ ಸ್ನೂಕರ್. 2012–13ರ ಋತುವಿಗೆ ಅಡ್ವಾಣಿ ವಿಶ್ವ ಪ್ರೊಫೆಷನಲ್ ಸ್ನೂಕರ್ ಪ್ರವಾಸಕ್ಕೆ ಸೇರಿದರು.

ಆ ಲೋಕದ ಲೆಕ್ಕವೇ ಬೇರೆ. ಅದರ ನಾಭಿ ಇಂಗ್ಲೆಂಡಿನ ಶೆಫೀಲ್ಡ್. 1977ರಿಂದ ವಿಶ್ವ ಚಾಂಪಿಯನ್‌ಶಿಪ್ ನಡೆಯುವ ಕ್ರೂಸಿಬಲ್ ರಂಗಮಂದಿರ ಇರುವುದು ಅಲ್ಲೇ. ಹೊಸದಾಗಿ ಬಂದವನು, ಅವನ ಕಪಾಟಿನಲ್ಲಿ ಎಷ್ಟೇ ವಿಶ್ವ ಪಟ್ಟವಿರಲಿ, ಪಟ್ಟಿಯ ತಳದಿಂದ ಶುರು ಮಾಡಬೇಕು. ಟಿ.ವಿ.ಯಲ್ಲಿ ಕಾಣುವ ಮುಖ್ಯ ಸುತ್ತಿಗೆ ಹೋಗುವ ಮೊದಲು ಪ್ರೇಕ್ಷಕರಿಲ್ಲದ ಸಣ್ಣ ಅಂಕಣಗಳಲ್ಲಿ ನಾಲ್ಕು ಅರ್ಹತಾ ಪಂದ್ಯಗಳವರೆಗೂ ಗೆಲ್ಲಬೇಕಾಗುತ್ತಿತ್ತು. ವಿಮಾನ, ಹೋಟೆಲು, ಅಭ್ಯಾಸದ ಮೇಜಿನ ಬಾಡಿಗೆ ಎಲ್ಲ ಆಟಗಾರನ ಜೇಬಿನಿಂದ. ಮೇಜೂ ಬೇರೆ: ತೆಳು ಬಟ್ಟೆ, ತೇವ ಹಿಡಿಯದಂತೆ ಕೆಳಗಿನಿಂದ ಕಾಯಿಸಿದ ಸ್ಲೇಟು, ಮುಟ್ಟಿದರೆ ಓಡುವ ಚೆಂಡು. ನಮ್ಮ ಕಡೆಯ ಮಳೆಗಾಲದ ಮೇಜಿನಲ್ಲಿ ಪಳಗಿದ ಕೈ ಅಲ್ಲಿ ಮೊದಲು ಕಲಿಯಬೇಕಾದದ್ದು ಮೆತ್ತಗೆ ಹೊಡೆಯುವುದನ್ನು.

ಸೋತು ಬಂದರು ಎನ್ನುವವರು ಈ ಎರಡು ಋತುಗಳ ಆಟವನ್ನು ಸರಿಯಾಗಿ ನೋಡಿಲ್ಲ. 2013ರ ಫೆಬ್ರುವರಿಯಲ್ಲಿ ವೆಲ್ಷ್ ಓಪನ್ನಿನಲ್ಲಿ ಮಾಜಿ ವಿಶ್ವ ಚಾಂಪಿಯನ್ನರಾದ ಶಾನ್ ಮರ್ಫಿ, ಗ್ರೇಮ್ ಡಾಟ್ ಇಬ್ಬರನ್ನೂ ದಾಟಿ ಅಡ್ವಾಣಿ ಕ್ವಾರ್ಟರ್ ಫೈನಲ್ ತಲುಪಿದರು. ರ್‍ಯಾಂಕಿಂಗ್ ಪಂದ್ಯಾವಳಿಯೊಂದರಲ್ಲಿ ಭಾರತೀಯನೊಬ್ಬ ಅಷ್ಟು ದೂರ ಹೋದದ್ದು ಅದೇ ಮೊದಲು. ತಡೆದದ್ದು ಜಡ್ ಟ್ರಂಪ್. ಅದೇ ವರ್ಷ ದೆಹಲಿಯಲ್ಲಿ ಮೊದಲ ಇಂಡಿಯನ್ ಓಪನ್ ನಡೆದಾಗ ಮುಂಬೈನ ಆದಿತ್ಯ ಮೆಹ್ತಾ ಫೈನಲ್ ಮುಟ್ಟಿ ಚೀನಾದ ಡಿಂಗ್ ಜುನ್‌ಹುಯಿಗೆ ಸೋತರು. ದಾರಿ ತೆರೆಯುತ್ತಿತ್ತು. ಆದರೆ 2012ರ ಅಕ್ಟೋಬರಿನಲ್ಲಿ, ಮೊದಲ ಋತುವಿನ ನಟ್ಟನಡುವೆ, ಅಡ್ವಾಣಿ ಸ್ನೂಕರ್ ಬದಿಗಿಟ್ಟು ಲೀಡ್ಸ್‌ನ ವಿಶ್ವ ಬಿಲಿಯರ್ಡ್ಸಿಗೆ ಹೋಗಿ ಮತ್ತೆ ಮೈಕ್ ರಸೆಲ್ಲರನ್ನು ಸೋಲಿಸಿ ಬಂದಿದ್ದರು. ಮನಸ್ಸು ಎಲ್ಲಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. 2014ರಲ್ಲಿ ಪ್ರೊಫೆಷನಲ್ ಕಾರ್ಡು ಬಿಟ್ಟುಕೊಟ್ಟರು. ಬಿಲಿಯರ್ಡ್ಸ್ ಬಿಡಲಾಗದು, ಮನೆ ಬಿಟ್ಟು ಇರಲಾಗದು.

ಬಿಟ್ಟು ಬರಲು ಅವರಿಗೆ ಸಾಧ್ಯವಾದದ್ದು ಹೇಗೆ ಎಂದು ಕೇಳಿದರೆ ಉತ್ತರ ಮತ್ತೆ ಸಂಬಳಪಟ್ಟಿಯಲ್ಲಿದೆ. ಅಡ್ವಾಣಿ ಒ.ಎನ್.ಜಿ.ಸಿ. ನೌಕರರು. ರಾಷ್ಟ್ರೀಯ ಪಂದ್ಯಗಳಲ್ಲಿ ಅವರ ಹೆಸರಿನ ಮುಂದೆ ಕಾಣುವುದು ಕರ್ನಾಟಕವಲ್ಲ, ಪೆಟ್ರೋಲಿಯಂ ಕ್ರೀಡಾ ಉತ್ತೇಜನ ಮಂಡಳಿ. ಮೆಹ್ತಾ ಇಂಡಿಯನ್ ಆಯಿಲ್ ಸೇರಿದವರು. ಪಂದ್ಯ ಸೋತ ತಿಂಗಳೂ ಸಂಬಳ ಬರುತ್ತದೆ, ಮನೆಯ ಬಾಡಿಗೆ ನಡೆಯುತ್ತದೆ, ಆಟಕ್ಕೆ ರಜೆ ಸಿಗುತ್ತದೆ. ಶೆಫೀಲ್ಡಿನ ಅಂಕಣದಲ್ಲಿ ಎದುರಿಗೆ ನಿಂತ ಇಂಗ್ಲಿಷ್ ಹುಡುಗನಿಗೆ ಈ ಆಸರೆ ಇಲ್ಲ. ಹಾಗಾಗಿ ಅವನಿಗೆ ವಾಪಸು ಹೋಗಲು ಜಾಗವೂ ಇಲ್ಲ. ಆ ಹಸಿವೇ ಆಟಗಾರನನ್ನು ಬೆಳೆಸುತ್ತದೆ ಎನ್ನುವವರಿದ್ದಾರೆ. ಇರಬಹುದು. ಆದರೆ ಆ ಹಸಿವಿನಲ್ಲಿ ಸೋತು ಎಲ್ಲೋ ಟ್ಯಾಕ್ಸಿ ಓಡಿಸಲು ಹೋದವರ ಲೆಕ್ಕ ಯಾರೂ ಬರೆದಿಡುವುದಿಲ್ಲ.

ವಾಪಸು ಬಂದ ಮೇಲೆ ಅಡ್ವಾಣಿಯ ಕೈ ನಿಲ್ಲಲಿಲ್ಲ. 2014ರಲ್ಲಿ ಲೀಡ್ಸ್‌ನಲ್ಲಿ ಬಿಲಿಯರ್ಡ್ಸಿನ ಜೋಡಿ ಪಟ್ಟ ಮೂರನೆಯ ಸಲ. 2015ರಲ್ಲಿ ಈಜಿಪ್ಟಿನ ಹುರ್ಘಾದಾದಲ್ಲಿ ಅಮೆಚೂರ್ ಸ್ನೂಕರಿನ ವಿಶ್ವ ಪಟ್ಟ ಮತ್ತೆ. ಆ ಫೈನಲ್ಲಿನಲ್ಲಿ 8–6ರಿಂದ ಸೋತ ಚೀನಾದ ಹುಡುಗನ ಹೆಸರು ಝಾವೊ ಶಿನ್‌ಟಾಂಗ್. ಹತ್ತು ವರ್ಷದ ಬಳಿಕ, ಮ್ಯಾಚ್‌ಫಿಕ್ಸಿಂಗ್ ಪ್ರಕರಣದ ನಿಷೇಧ ಮುಗಿಸಿ, ಅರ್ಹತಾ ಸುತ್ತಿನಿಂದ ಹತ್ತಿ ಬಂದ ಅದೇ ಝಾವೊ 2025ರಲ್ಲಿ ಕ್ರೂಸಿಬಲ್ಲಿನಲ್ಲಿ ಗೆದ್ದು ಐದು ಲಕ್ಷ ಪೌಂಡು ಒಯ್ದ. ಜೋ ಡೇವಿಸನ ಆರೂವರೆ ಪೌಂಡು ಅಲ್ಲಿಗೆ ಬಂದು ನಿಂತಿದೆ. ಅಡ್ವಾಣಿ ಅದಕ್ಕೆ ಕೆಲವು ತಿಂಗಳು ಮುಂಚೆ, 2024ರ ನವೆಂಬರಿನಲ್ಲಿ, ದೋಹಾದಲ್ಲಿ ಇಂಗ್ಲೆಂಡಿನ ರಾಬರ್ಟ್ ಹಾಲ್‌ರನ್ನು ಸೋಲಿಸಿ 28ನೆಯ ವಿಶ್ವ ಪಟ್ಟ ಗೆದ್ದಿದ್ದರು. ಸ್ಟೀವ್ ಡೇವಿಸ್ ಗೆದ್ದ ರ್‍ಯಾಂಕಿಂಗ್ ಕಪ್ಪುಗಳೂ 28 ಎಂದು ಕಾಕತಾಳೀಯ ಹುಡುಕುವವರು ಖುಷಿಪಡಬಹುದು. ಎರಡೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಡೇವಿಸ್ ಒಂದೇ ಆಟದಲ್ಲಿ ಜಗತ್ತಿನ ಅತ್ಯಂತ ಗಟ್ಟಿ ಎದುರಾಳಿಗಳ ನಡುವೆ ಗೆದ್ದವರು. ಅಡ್ವಾಣಿ ಎರಡು ಆಟಗಳ ಉದ್ದ–ಗಿಡ್ಡ ರೂಪಗಳಲ್ಲೆಲ್ಲ ಗೆದ್ದವರು. ಬಿಲಿಯರ್ಡ್ಸಿನಲ್ಲಿ ಎದುರಾಳಿಗಳ ಸಾಲು ಗಿಡ್ಡ ಎಂಬುದು ನಿಜ. ಒಂದು ವಾರ ಮೂರು ಚೆಂಡು, ಮರುವಾರ ಇಪ್ಪತ್ತೆರಡು ಚೆಂಡು ಎಂದು ಕೈ ಬದಲಿಸಿ ಎರಡರಲ್ಲೂ ಗೆದ್ದ ಇನ್ನೊಬ್ಬರು ಈ ಕಾಲದಲ್ಲಿಲ್ಲ ಎಂಬುದೂ ನಿಜ.

ಬೆಂಗಳೂರಿನ ಹೆಂಗಸರು ಇದೇ ಹಾದಿಯಲ್ಲಿ ಬಂದವರು. ಉಮಾದೇವಿ ನಾಗರಾಜ್ ರಾಜ್ಯ ಸರ್ಕಾರದ ನೌಕರಿಯಲ್ಲಿದ್ದುಕೊಂಡೇ, ಸಂಸಾರ ತೂಗಿಸುತ್ತಲೇ ಮೂವತ್ತರ ಆಸುಪಾಸಿನಲ್ಲಿ ಕ್ಯೂ ಹಿಡಿದು 2012ರಲ್ಲಿ ವಿಶ್ವ ಮಹಿಳಾ ಬಿಲಿಯರ್ಡ್ಸ್ ಗೆದ್ದರು. ಅವರಿಗೆ ಮೊದಲೇ ಚಿತ್ರಾ ಮಗಿಮೈರಾಜ್ ಅದೇ ಪಟ್ಟ ತಂದಿದ್ದರು. ವಿದ್ಯಾ ಪಿಳ್ಳೈ 2017ರಲ್ಲಿ ಸಿಂಗಪುರದ ವಿಶ್ವ ಮಹಿಳಾ ಸ್ನೂಕರ್ ಫೈನಲ್ಲಿನಲ್ಲಿ ಹಾಂಗ್‌ಕಾಂಗಿನ ಎನ್‌ಜಿ ಆನ್ ಯೀಗೆ ಕೊನೆಯ ಫ್ರೇಮಿನಲ್ಲಿ, 6–5ರಿಂದ ಸೋತರು. ಪುರುಷರ ಬಹುಮಾನದ ಹಣದ ಮುಂದೆ ಮಹಿಳಾ ಆಟದ್ದು ಚಿಲ್ಲರೆ. ಇದನ್ನೇ ನಂಬಿ ಊಟ ಮಾಡುತ್ತೇನೆ ಎಂದು ಹೇಳುವ ಹೆಣ್ಣುಮಗಳಿಗೆ ಇಂಗ್ಲೆಂಡೂ ದಾರಿ ತೋರಿಸಿಲ್ಲ.

ಹುಬ್ಬಳ್ಳಿ–ಧಾರವಾಡಕ್ಕೆ ಈ ಆಟ ಎರಡನೆಯ ಸಲ ಬಂದದ್ದು ಪಾರ್ಲರಿನ ರೂಪದಲ್ಲಿ. 1990ರ ದಶಕದಲ್ಲಿ ಕೇಬಲ್ ಟಿ.ವಿ. ಬಂತು; ಕ್ರೀಡಾ ಚಾನೆಲ್ಲಿನಲ್ಲಿ ವೇಸ್ಟ್‌ಕೋಟು ತೊಟ್ಟವರು ಮೇಜಿನ ಸುತ್ತ ತಿರುಗುವುದನ್ನು ಹುಡುಗರು ನೋಡಿದರು. ಕಾಲೇಜುಗಳಿರುವ ಕಡೆ ಮಹಡಿಯ ಮೇಲೊಂದು, ನೆಲಮಾಳಿಗೆಯಲ್ಲೊಂದು ಪಾರ್ಲರು ಎದ್ದಿತು. ಒಂದು ದೊಡ್ಡ ಸ್ನೂಕರ್ ಮೇಜು, ಎರಡು ಚಿಕ್ಕ ಪೂಲ್ ಮೇಜು, ಗಂಟೆ ಲೆಕ್ಕದಲ್ಲಿ ಬಾಡಿಗೆ. ಇಲ್ಲಿನ ಅಲಿಖಿತ ನಿಯಮ ಒಂದೇ: ಸೋತವನು ಟೇಬಲ್ ದುಡ್ಡು ಕೊಡಬೇಕು. ಆರಂಭದ ಹುಡುಗನಿಗೆ ಇದರಷ್ಟು ದುಬಾರಿ ಶಾಲೆ ಇಲ್ಲ, ಏಕೆಂದರೆ ಮೊದಲ ವರ್ಷವೆಲ್ಲ ಸೋಲುವವನು ಅವನೇ. ಪಳಗಿದವನು ಪುಕ್ಕಟೆ ಆಡಿ ಇನ್ನಷ್ಟು ಪಳಗುತ್ತಾನೆ. ಸಿಗರೇಟಿನ ಹೊಗೆ, ಬಾಜಿಯ ಗುಸುಗುಸು, ಆಗಾಗ ಪೊಲೀಸರ ಭೇಟಿ; ‘ಅಲ್ಲಿ ಹೋಗಬ್ಯಾಡ’ ಎಂದು ಮನೆಯಲ್ಲಿ ಬೈದದ್ದು ಸುಮ್ಮನೆ ಅಲ್ಲ. ಅಡ್ವಾಣಿಯ ಫೋಟೊ ಪತ್ರಿಕೆಯ ಮೊದಲ ಪುಟಕ್ಕೆ ಬಂದ ಮೇಲೂ ಆ ಬೈಗುಳ ಪೂರ್ತಿ ನಿಂತಿಲ್ಲ.

ಬೈಯುವ ಅಪ್ಪನಿಗೆ ಈ ಊರಲ್ಲಿ ಅರ್ಥವಾಗುವ ಮಾತು ಒಂದಿದೆ, ನೌಕರಿ. ಓಡುವವನಿಗೆ, ಕುಸ್ತಿ ಹಿಡಿಯುವವನಿಗೆ, ಹಾಕಿ ಆಡುವವನಿಗೆ ಕ್ರೀಡಾ ಕೋಟಾದಲ್ಲಿ ರೈಲ್ವೆ ಕೆಲಸ ಸಿಗುವುದನ್ನು ಹುಬ್ಬಳ್ಳಿ ತಲೆಮಾರುಗಳಿಂದ ಕಂಡಿದೆ. 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೇ ಇಲ್ಲಿದೆ. ಹಸಿರು ಮೇಜಿಗೂ ಆ ಕೋಟಾದಲ್ಲಿ ಜಾಗವಿದೆ ಎಂಬುದು ಮಾತ್ರ ಇಲ್ಲಿ ಅಷ್ಟಾಗಿ ಗೊತ್ತಿಲ್ಲ. ರಾಷ್ಟ್ರೀಯ ಸ್ನೂಕರಿನ ಕೊನೆಯ ಸುತ್ತುಗಳಲ್ಲಿ ವರ್ಷ ವರ್ಷವೂ ಕಾಣುವ ಕಮಲ್ ಚಾವ್ಲಾ, ಮಲ್ಕೀತ್ ಸಿಂಗ್, ಪುಷ್ಪೇಂದ್ರ ಸಿಂಗ್ ಅಂಥವರು ಆಡಿದ್ದು ರೈಲ್ವೆ ಕ್ರೀಡಾ ಮಂಡಳಿಯ ಹೆಸರಿನಲ್ಲಿ. ಪೆಟ್ರೋಲಿಯಂ ಮಂಡಳಿಯ ಅಡ್ವಾಣಿಯನ್ನು ರಾಷ್ಟ್ರೀಯ ಮಟ್ಟದಲ್ಲಿ ತಡೆದು ನಿಲ್ಲಿಸಬಲ್ಲ ಕೆಲವೇ ಕೈಗಳಲ್ಲಿ ಈ ರೈಲ್ವೆ ಕೈಗಳೂ ಇವೆ. ಒಂದು ಕಾಲಕ್ಕೆ ಗಾರ್ಡು, ಫೋರ್‌ಮನ್ನುಗಳ ಸಂಜೆಗೆಂದು ಮೇಜು ತರಿಸಿದ ರೈಲ್ವೆಯೇ ಇಂದು ಆಡುವವನನ್ನು ಗುಮಾಸ್ತನೆಂದೋ ಟಿಕೆಟ್ ತಪಾಸಕನೆಂದೋ ಹೆಸರಿಟ್ಟು ಸಾಕುತ್ತಿದೆ. ಹುಬ್ಬಳ್ಳಿಯ ಪಾರ್ಲರಿನಲ್ಲಿ ಎಲ್ಲರ ಟೇಬಲ್ ದುಡ್ಡು ಕೊಡಿಸುವ ಮಟ್ಟಕ್ಕೆ ಬಂದ ಹುಡುಗನಿಗೆ ಮುಂದಿನ ದಾರಿ ಸದ್ಯಕ್ಕೆ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವುದು. ರಾಜ್ಯದ ಆಯ್ಕೆ, ಒಳ್ಳೆಯ ಮೇಜು, ತಪ್ಪು ತಿದ್ದುವ ಗುರು ಎಲ್ಲ ಇನ್ನೂ ಆ ವಸಂತನಗರದ ಸುತ್ತಲೇ ಇವೆ.